ಕಲಿಕೆಯ ಸಂಶೋಧನೆ ಕನ್ನಡದಲ್ಲಿ ಪೋಷಕರ ಕೈಗೂ ಸಿಗಲಿ

ಪೋಷಕರೇ, ಶಿಕ್ಷಕರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೇ,

ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ಇನ್ನೊಂದು ಸಲ ಓದು. ಈ ಮಾತು ಎಷ್ಟು ಸರಿ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಒರೆಗೆ ಹಚ್ಚಿ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ನಾಲ್ಕು ಅವಧಿಯೂ ಓದಿದರು. ಇನ್ನು ಕೆಲವರು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಬರೀ ಓದಿದವರಿಗೆ ಸುಮಾರು ಶೇ. 40ರಷ್ಟು ನೆನಪಿತ್ತು, ಬರೆದು ನೋಡಿದವರಿಗೆ ಸುಮಾರು ಶೇ. 61ರಷ್ಟು. ಇದಕ್ಕೆ ಟ್ಯೂಷನ್ ಬೇಡ, ಗೈಡ್ ಬೇಡ. ಅಕ್ಷರ ಬಾರದ ತಾಯಿಯೂ "ಪುಸ್ತಕ ಮುಚ್ಚಿ ಇವತ್ತಿನ ಪಾಠ ಹೇಳು" ಎನ್ನಬಹುದು. ಇಷ್ಟು ಸುಲಭದ ಸಂಗತಿ ಅವಳ ಕಿವಿಗೆ ಬೀಳಬೇಕಲ್ಲ! ಅದು ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಕೂತಿದೆ.

ಸಾರ್ವಜನಿಕರ ಹಣದಲ್ಲಿ ನಡೆಯುವ ಪ್ರತಿಯೊಂದು ಶಿಕ್ಷಣ ಸಂಶೋಧನೆಗೂ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಲಿ ಎಂಬುದು ನಮ್ಮ ಬೇಡಿಕೆ. ಜನರು ತಪ್ಪು ತಿಳಿದಾರು ಎಂದು ಕೆಲವು ವಿದ್ವಾಂಸರು ಅಂಜುತ್ತಾರೆ. ಆದರೆ ಅವರು ಸುಮ್ಮನಿದ್ದ ಮಾತ್ರಕ್ಕೆ ಜಾಹೀರಾತು ಸುಮ್ಮನಿರುವುದಿಲ್ಲ. 'ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು' ಎಂದು ವಿಂಗಡಿಸಿ ಪಾಠ ಮಾಡಿದರೆ ಲಾಭವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು 2008ರಲ್ಲೇ ಒಂದು ವಿಮರ್ಶಾ ಅಧ್ಯಯನ ಹೇಳಿತ್ತು. ಆ ವಿಂಗಡಣೆಯ ಮಾರಾಟ ಮಾತ್ರ ನಿಂತಿಲ್ಲ. ಬಿತ್ತನೆ ತಳಿ, ಕೀಟಬಾಧೆಗಳ ವಿಷಯವನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ರೈತರಿಗೆ ಕನ್ನಡದಲ್ಲೇ ತಿಳಿಸುತ್ತ ಬಂದಿವೆ. ಅಲ್ಲಿ ಆಗುವುದು ಇಲ್ಲೇಕೆ ಆಗದು?

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಮಾಹಿತಿ ಕೊಟ್ಟ ಮಾತ್ರಕ್ಕೆ ಏನೂ ಬದಲಾಗದು. ಇದು ನಿಜ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆಯೊಂದಿಗೆ ನಡೆಸಿದ ಪ್ರಯೋಗದಲ್ಲಿ, ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರಗಳನ್ನು ಜನರಿಗೆ ವಿವರಿಸಿದ್ದರಿಂದ ಶಾಲೆ ಸುಧಾರಿಸಲಿಲ್ಲ; ಮಕ್ಕಳ ಓದಿನ ಮಟ್ಟವನ್ನು ಅಳೆಯಲು ಕಲಿಸಿದ್ದರಿಂದಲೂ ಸುಧಾರಿಸಲಿಲ್ಲ. ಆದರೆ ಓದು ಕಲಿಸುವ ಸರಳ ವಿಧಾನವನ್ನು ಊರಿನ ಸ್ವಯಂಸೇವಕರಿಗೆ ಹೇಳಿಕೊಟ್ಟ ಕಡೆ, ಅವರ ಶಿಬಿರಕ್ಕೆ ಬಂದ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು. ಹಾಗಾಗಿ ನಾವು ಕೇಳುವ ಎರಡು ಪುಟದಲ್ಲಿ ಒಂದು ಪುಟ ಪೂರ್ತಿ 'ನಾಳೆ ಏನು ಮಾಡಬಹುದು' ಎಂಬುದಕ್ಕೇ ಮೀಸಲಿರಲಿ. ಪ್ರಯೋಗ ಯಾವ ಮಕ್ಕಳ ಮೇಲೆ ನಡೆಯಿತು, ಎಷ್ಟು ನಂಬಬಹುದು ಎಂಬುದನ್ನೂ ಮುಚ್ಚಿಡದೆ ಬರೆಯಲಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ.