ಗೃಹವೈದ್ಯ: ಹರಿದ ಕಿವಿಗೆ ಹೊಲಿಗೆ

ನಮ್ಮ ಹೆಂಗಸರಿಗೆ ಕಿವಿಯ ಆಭರಣವು ಬರಿಯ ಅಲಂಕಾರವಲ್ಲ. ಮುತ್ತೈದೆತನಕ್ಕೆ 'ಓಲೆಭಾಗ್ಯ'ವೆಂಬ ಹೆಸರೇ ನಮ್ಮ ಮಾತಿನಲ್ಲುಂಟು. ಆದುದರಿಂದ ಕಿವಿಯ ತೂತು ಜೋಲುಬಿದ್ದು ಓಲೆಯು ನಿಲ್ಲದಂತಾದಾಗಲೂ, ಹಾಲೆಯೇ ಹರಿದು ಎರಡು ಸೀಳಾದಾಗಲೂ ಗೃಹಿಣಿಯ ಮನಸ್ಸಿಗೆ ಆಗುವ ನೋವು ಅಲ್ಪವಾದುದಲ್ಲ. ಕೆಲವರು ಸೆರಗನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಕೆಲವರು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಕಡಮೆ ಮಾಡುತ್ತಾರೆ. 'ಈ ವಯಸ್ಸಿನಲ್ಲಿ ಇದೇಕೆ?' ಎಂದು ಮನೆಯವರು ನಕ್ಕಾರೆಂಬ ಸಂಕೋಚದಿಂದ ವರ್ಷಗಟ್ಟಲೆ ಬಾಯಿಬಿಡದೆ ಇರುವವರೂ ಉಂಟು. ಇದು ಸಣ್ಣದೊಂದು ಶಸ್ತ್ರಚಿಕಿತ್ಸೆಯಿಂದ ಸರಿಹೋಗತಕ್ಕ ಕುಂದೆಂಬುದನ್ನು ಅಂತಹವರಿಗೆ ತಿಳಿಸುವುದೇ ಈ ತಿಂಗಳ ಲೇಖನದ ಉದ್ದೇಶ.

ಕಿವಿಯ ಮೇಲ್ಭಾಗವು ನಿಮಿರಿ ನಿಲ್ಲುವುದು ಅದರೊಳಗಿರುವ ಮೆಲ್ಲೆಲುಬಿನಿಂದ. ಕೆಳಗಿನ ಹಾಲೆಯಲ್ಲಿ ಮೆಲ್ಲೆಲುಬಿಲ್ಲ. ಚರ್ಮ, ಕೊಬ್ಬು, ನವುರಾದ ನಾರುಗಳು ಇಷ್ಟೇ. ಆದುದರಿಂದ ತೂಕವನ್ನು ತೂಗುಹಾಕಿದರೆ ಅದು ಮೆಲ್ಲಮೆಲ್ಲನೆ ಜಗ್ಗುವುದು ಸಹಜ. ಭಾರವಾದ ಜುಮಕಿಯನ್ನು ದಿನವೂ ಧರಿಸಿದರೆ ಗುಂಡಾದ ತೂತು ಮೊದಲು ಗೆರೆಯಂತೆ ಉದ್ದವಾಗಿ, ಕಡೆಗೆ ಹಾಲೆಯ ಅಂಚಿನವರೆಗೂ ಇಳಿಯುವುದು. ಮತ್ತೆ ಕೆಲವು ವೇಳೆ ಇದು ಕ್ಷಣಮಾತ್ರದಲ್ಲಿ ಆಗಿಬಿಡುವುದುಂಟು: ಕಂಕುಳಲ್ಲಿನ ಕೂಸು ಓಲೆಯನ್ನು ಹಿಡಿದೆಳೆಯುವುದು, ತಲೆ ಒರಸುವಾಗ ಟವಲಿನ ಎಳೆ ಸಿಕ್ಕಿಕೊಳ್ಳುವುದು, ಹೆಲ್ಮೆಟ್ ತೆಗೆಯುವಾಗ ಜಗ್ಗುವುದು, ಕಳ್ಳನು ಕಿತ್ತುಕೊಂಡು ಓಡುವುದು. ನಿಕಲ್ ಬೆರೆತ ಅಗ್ಗದ ಒಡವೆಗಳು ಒಗ್ಗದೆ ಕಿವಿಯು ಪದೇಪದೇ ಕೆರೆದು ಕೀವಾದರೂ ಹಾಲೆಯು ಸವೆಯುವುದು.

ಹರಿದ ಕಿವಿಯನ್ನು ಕೂಡಿಸುವ ವಿದ್ಯೆಯು ಪರದೇಶದಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಈ ವಿಷಯಕ್ಕೇ ಮೀಸಲಾಗಿದೆ. ಮಗುವಿನ ಕಿವಿಯನ್ನು ಚುಚ್ಚುವ ಕ್ರಮ, ತೂತನ್ನು ದೊಡ್ಡದು ಮಾಡುವ ಬಗೆ, ಹಾಗೆ ಬೆಳೆಸಿದ ಕಿವಿಯು ಇಬ್ಭಾಗವಾದರೆ ಅದನ್ನು ಜೋಡಿಸುವ 15 ವಿಧಾನಗಳು ಅಲ್ಲಿ ವಿವರಿಸಲ್ಪಟ್ಟಿವೆ. ಹಾಲೆಯು ಪೂರ್ತಿ ಇಲ್ಲದವರಿಗೆ ಕೆನ್ನೆಯಿಂದ ಮಾಂಸಸಹಿತವಾದ ಚರ್ಮವನ್ನು ಬಿಡಿಸಿ ಹಾಲೆಯನ್ನು ಕಟ್ಟುವ ಕ್ರಮವೂ ಅದರಲ್ಲಿದೆ. ಜೋಡಿಸಿದ ಕಿವಿಗೆ ಜೇನನ್ನೂ ತುಪ್ಪವನ್ನೂ ಸವರಿ, ಅರಳೆ ಬಟ್ಟೆಗಳಿಂದ ಮುಚ್ಚಿ, ಅತಿ ಬಿಗಿಯೂ ಅತಿ ಸಡಿಲವೂ ಅಲ್ಲದಂತೆ ನೂಲಿನಿಂದ ಕಟ್ಟಬೇಕೆಂದು ಹೇಳಿದೆ. ಗಾಯವು ಚೆನ್ನಾಗಿ ಮಾಯ್ದು ಗಟ್ಟಿಯಾಗುವವರೆಗೆ ಮತ್ತೆ ತೂತನ್ನು ಹಿಗ್ಗಿಸಬಾರದೆಂಬ ಎಚ್ಚರಿಕೆಯೂ ಉಂಟು. ಕತ್ತರಿಸಿದ ಮೂಗನ್ನು ಪುನಃ ಕಟ್ಟುವ ವಿಧಿಯು ಬರುವುದೂ ಈ ಅಧ್ಯಾಯದಲ್ಲಿಯೇ. ಟಿಪ್ಪೂಸುಲ್ತಾನನೊಡನೆ 1792ರಲ್ಲಿ ನಡೆದ ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸಜಿಯೆಂಬ ಇಂಗ್ಲಿಷ್ ಸೈನ್ಯದ ಎತ್ತಿನವನಿಗೆ, ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಯೂರೋಪಿನ ಶಸ್ತ್ರವೈದ್ಯರು ಆ ವಿದ್ಯೆಯ ಕಡೆಗೆ ಕಣ್ಣು ತೆರೆದುದಕ್ಕೆ ಆ ಬರಹವೂ ಒಂದು ಕಾರಣ.

ಈಗಿನ ಚಿಕಿತ್ಸೆಯ ಕ್ರಮವು ಹೀಗಿದೆ. ಹಾಲೆಗೆ ಮಾತ್ರ ಮರವಿನ ಇಂಜೆಕ್ಷನ್ ಕೊಡುತ್ತಾರೆ. ಆ ಸೂಜಿಯ ನೋವೊಂದನ್ನು ಬಿಟ್ಟರೆ ಮುಂದೆ ನೋವು ತಿಳಿಯದು. ಪ್ರಜ್ಞೆ ತಪ್ಪಿಸಬೇಕಾಗಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಹಳೆಯ ಸೀಳಿನ ಎರಡು ಅಂಚುಗಳ ಮೇಲೂ ಚರ್ಮವು ಬೆಳೆದು ಮುಚ್ಚಿಕೊಂಡಿರುತ್ತದೆ. ಮುಚ್ಚಿದ ಚರ್ಮಕ್ಕೆ ಮುಚ್ಚಿದ ಚರ್ಮವನ್ನು ಎಷ್ಟು ಕಾಲ ಒತ್ತಿ ಹಿಡಿದರೂ ಅವು ಕೂಡವು. ಅದರಿಂದ ವೈದ್ಯರು ಮೊದಲು ಆ ಅಂಚುಗಳನ್ನು ತೆಳುವಾಗಿ ಕೊಯ್ದು ಹಸಿ ಮಾಡಿ, ಬಳಿಕ ಹಾಲೆಯ ಮುಂಭಾಗವನ್ನೂ ಹಿಂಭಾಗವನ್ನೂ ಕೂದಲಿನಷ್ಟು ಸಣ್ಣ ದಾರದಿಂದ ಹೊಲಿಯುತ್ತಾರೆ. ಮಾಯುವಾಗ ಗಾಯದ ಗೆರೆಯು ಕುಗ್ಗುವುದು ಸ್ವಭಾವ; ಹೊಲಿಗೆಯು ನೇರವಾಗಿದ್ದರೆ ಹಾಲೆಯ ಕೆಳ ಅಂಚಿನಲ್ಲಿ ಕಚ್ಚು ಬೀಳಬಹುದು. ಇದನ್ನು ತಪ್ಪಿಸಲು ಕೆಲವು ವೈದ್ಯರು ಅಲ್ಲಿ ಅಂಕುಡೊಂಕಾಗಿ ಕೊಯ್ದು ಹೊಲಿಯುವುದುಂಟು. ಒಂದು ಕಿವಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು.

ಹೊಲಿಗೆಯನ್ನು ತೆಗೆಯುವುದು ಸುಮಾರು 7ರಿಂದ 10 ದಿವಸಗಳಲ್ಲಿ. ಅಲ್ಲಿಯವರೆಗೆ ವೈದ್ಯರು ಹೇಳಿದಷ್ಟು ಕಾಲ ನೀರು ಸೋಕಿಸದೆ, ಕೊಟ್ಟ ಮುಲಾಮನ್ನು ಮಾತ್ರ ಸವರಿ, ಆ ಮಗ್ಗುಲಿಗೆ ಒರಗದೆ ಮಲಗತಕ್ಕದ್ದು. ಕೆಂಪು, ಊತ, ಕೀವು ಅಥವಾ ಜ್ವರ ಕಂಡರೆ ದಿನ ನೋಡದೆ ವೈದ್ಯರಿಗೆ ತೋರಿಸಬೇಕು. ಇದಾದ ಮೇಲೆ ಎಲ್ಲಕ್ಕಿಂತ ಕಷ್ಟವಾದ ಪಥ್ಯವೊಂದಿದೆ, ಅದು ಕಾಯುವುದು. ಹೊರಗೆ ಮಾಯ್ದಂತೆ ಕಂಡರೂ ಒಳಗಿನ ನಾರುಗಳು ಬಲಿಯಲು ತಿಂಗಳುಗಳೇ ಬೇಕು. ಪೂರ್ಣವಾಗಿ ಮಾಯ್ದ ಮೇಲೂ ಆ ಗೆರೆಗೆ ಮೂಲ ಚರ್ಮದ ನೂರಕ್ಕೆ 80ರಷ್ಟಕ್ಕಿಂತ ಹೆಚ್ಚಿನ ಬಲ ಬರುವುದಿಲ್ಲ. ಆದುದರಿಂದ ಸುಮಾರು ಮೂರು ತಿಂಗಳು ಕಳೆದ ಮೇಲೆ, ಹೊಲಿಗೆಯ ಗೆರೆಯ ಮೇಲೆ ಅಲ್ಲದೆ ಅದರ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಿಕೊಳ್ಳುವುದು ಯುಕ್ತ. ಮನೆಯಲ್ಲಿ ಮದುವೆಯಿದ್ದರೆ ಚಿಕಿತ್ಸೆಯನ್ನು ಲಗ್ನಪತ್ರಿಕೆ ಬರೆಸಿದ ಮೇಲೆ ನೆನೆಯದೆ, ಆರು ತಿಂಗಳು ಮುಂಚಿತವಾಗಿಯೇ ಯೋಚಿಸುವುದು ಲೇಸು.

ಈ ಅವಸರವೇ ಅನೇಕರನ್ನು ತಪ್ಪು ದಾರಿಗೆ ಎಳೆಯುವುದು. 'ಶಸ್ತ್ರವಿಲ್ಲದೆ, ಹೊಲಿಗೆಯಿಲ್ಲದೆ ಕಿವಿಯನ್ನು ಅಂಟಿಸಿಕೊಡುತ್ತೇವೆ' ಎಂಬ ಫಲಕಗಳನ್ನು ಕೆಲವು ಅಲಂಕಾರದ ಅಂಗಡಿಗಳಲ್ಲಿ ನೋಡಬಹುದು. ಹೀಗೆ ಹಚ್ಚುವ ದ್ರಾವಣವು ಕೆಲವು ವೇಳೆ ಚರ್ಮವನ್ನು ಸುಡುವ ತೀಕ್ಷ್ಣವಾದ ಆಮ್ಲವಾಗಿರುತ್ತದೆ. ಸ್ವಲ್ಪ ಹಿಗ್ಗಿದ ತೂತಿಗೆ ಚರ್ಮವೈದ್ಯರು ಅಂತಹ ಆಮ್ಲವನ್ನು ಅಳತೆಯರಿತು ಉಪಯೋಗಿಸುವುದುಂಟು. ತಿಳಿಯದವರ ಕೈಗೆ ಅದು ಸಿಕ್ಕರೆ ಹಾಲೆಯು ಸುಟ್ಟು, ಹುಣ್ಣಾಗಿ, ಹೊಲಿಯಲು ಬೇಕಾದ ಚರ್ಮವೂ ಉಳಿಯದೆ ಹೋಗಬಹುದು. ಮನೆಯಲ್ಲಿರುವ ಅಂಟನ್ನು ಹಚ್ಚಿಕೊಳ್ಳುವುದೂ ಸಲ್ಲದು.

ಈಗ ತಾನೇ ಕಿವಿ ಹರಿದಿದ್ದರೆ ಗಾಬರಿಗೊಳ್ಳದೆ ಶುದ್ಧವಾದ ನೀರಿನಿಂದ ತೊಳೆದು, ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಮೊದಲಾದವನ್ನು ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋದರೆ ಹಸಿ ಗಾಯವನ್ನು ಆಗಲೇ ಹೊಲಿಯುವ ಸಂಭವ ಹೆಚ್ಚು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು.

ಎಲ್ಲರಿಗೂ ಈ ಚಿಕಿತ್ಸೆಯು ಒಂದೇ ಸಮನಾಗಿ ಒಗ್ಗುವುದೆಂದು ಹೇಳಲಾಗದು. ಕೆಲವರ ಮೈಯಲ್ಲಿ ಗಾಯವು ಮಾಯ್ದ ಮೇಲೆ ಕಲೆಯು ಗಂಟಿನಂತೆ ದಪ್ಪವಾಗಿ ಬೆಳೆಯುತ್ತದೆ. ಇದನ್ನು ಕೀಲಾಯ್ಡ್ ಎನ್ನುತ್ತಾರೆ. ಕಿವಿಯ ಹಾಲೆಯು ಇದಕ್ಕೆ ಮುಖ್ಯವಾದ ತಾಣಗಳಲ್ಲೊಂದು. ತಮಗಾಗಲಿ, ತಾಯಿ ಅಕ್ಕತಂಗಿಯರಿಗಾಗಲಿ ಅಂತಹ ಗಂಟು ಎದ್ದಿದ್ದರೆ ಮೊದಲೇ ತಿಳಿಸತಕ್ಕದ್ದು. ಸಿಹಿಮೂತ್ರ ರೋಗವಿರುವವರು, ರಕ್ತ ತೆಳುವಾಗುವ ಔಷಧ ಸೇವಿಸುವವರು, ಗರ್ಭಿಣಿಯರು ಇವರೂ ಏನನ್ನೂ ಮುಚ್ಚಿಡಬಾರದು. ಕಿವಿಯಲ್ಲಿ ಕೀವಿದ್ದರೆ ಅದು ಪೂರ್ತಿ ವಾಸಿಯಾಗುವವರೆಗೆ ಹೊಲಿಗೆಯನ್ನು ತಡೆಯಬೇಕು.

ಹೊಲಿಸಿದ ಕಿವಿಗೆ ಹಳೆಯ ಜುಮಕಿಯನ್ನೇ ದಿನವೂ ತೂಗಹಾಕಿದರೆ ಅದು ಮತ್ತೆ ಹರಿಯುವುದು. ಚಿನ್ನದ ಕತ್ತಿಯೆಂದು ಕುತ್ತಿಗೆಯನ್ನು ಕೊಯ್ದುಕೊಳ್ಳುವುದುಂಟೇ? ನಿತ್ಯಕ್ಕೆ ಹಗುರವಾದ ಓಲೆ ಸಾಕು. ಭಾರವಾದುದನ್ನು ಹಬ್ಬಹುಣ್ಣಿಮೆಗಳ ಕೆಲವು ಗಂಟೆಗಳಿಗೆ ಮಾತ್ರ ಇಟ್ಟುಕೊಂಡು, ಆಗಲೂ ಕೆನ್ನೆಸರಪಳಿಯಿಂದ ಅದರ ತೂಕವನ್ನು ಕೂದಲಿಗೆ ಹಂಚಬೇಕು. ಆ ಸರಪಳಿಯನ್ನು ನಮ್ಮ ಹಿರಿಯರು ಬರಿಯ ಅಂದಕ್ಕಾಗಿ ಧರಿಸುತ್ತಿರಲಿಲ್ಲ. ಮಲಗುವಾಗ ಓಲೆಗಳನ್ನು ತೆಗೆದಿಡುವುದೂ ಒಳ್ಳೆಯ ಅಭ್ಯಾಸ.

ಕಡೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಹರಿದ ಕಿವಿಯು ರೋಗವಲ್ಲ. ಅದನ್ನು ಹಾಗೆಯೇ ಬಿಟ್ಟರೆ ಪ್ರಾಣಾಪಾಯವೂ ಇಲ್ಲ. ಬೇಡವೆನ್ನುವವರನ್ನು ಬಲವಂತಪಡಿಸತಕ್ಕದ್ದಿಲ್ಲ. ಆದರೆ ಮನೆಯಲ್ಲಿ ತಾಯಿಯೋ ಅತ್ತೆಯೋ ತಮ್ಮ ಓಲೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬಹುಕಾಲವಾಗಿದ್ದರೆ, ಕಾರಣವನ್ನು ಅವರಾಗಿಯೇ ಹೇಳಲೆಂದು ಕಾಯಬೇಡಿ. ಅರುವತ್ತರ ವಯಸ್ಸಿನಲ್ಲಿಯೂ ಈ ಹೊಲಿಗೆ ಕೂಡುವುದು. ನೀವಾಗಿ ಕೇಳಿ, ಅವರು ಒಪ್ಪಿದರೆ ಒಮ್ಮೆ ಶಸ್ತ್ರವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ ಬನ್ನಿ.