ಯೋಜನೆ ಗಡಿ ದಾಟಿತು, ಪಕ್ಷ ದಾಟಲಿಲ್ಲ

ಪ್ರಶಾಂತ್ ಕಿಶೋರ್ ಅವರ ಜನ ಸುರಾಜ್ ಪಕ್ಷ 2025ರ ನವೆಂಬರಿನಲ್ಲಿ ಬಿಹಾರದ 238 ಕ್ಷೇತ್ರಗಳಲ್ಲಿ ನಿಂತು ಒಂದನ್ನೂ ಗೆಲ್ಲದಿದ್ದಾಗ, ಹೈದರಾಬಾದಿನ ನಮ್ಮ ಆಫೀಸಿನಲ್ಲಿ ಹಳೆಯ ಚರ್ಚೆ ಮತ್ತೆ ಶುರುವಾಯಿತು. ಕಾರ್ಯಸೂಚಿ ಚೆನ್ನಾಗಿದ್ದರೂ ಹೊಸ ಪಕ್ಷಗಳು ಯಾಕೆ ನೆಲ ಹಿಡಿಯುವುದಿಲ್ಲ? ಉತ್ತರಕ್ಕಾಗಿ ಪಟ್ನಾದವರೆಗೆ ಹೋಗಬೇಕಿಲ್ಲ. ಈ ಊರಿನಲ್ಲೇ ಅಂಥದ್ದೊಂದು ಪ್ರಯೋಗ ನಡೆದಿದೆ. ಅದೂ ಅಧಿಕಾರ, ಹಣ, ಯೋಜನೆ ಮೂರೂ ಕೈಯಲ್ಲಿದ್ದ ಪಕ್ಷದ್ದು.

2022ರ ಅಕ್ಟೋಬರ್ 5, ವಿಜಯದಶಮಿಯ ದಿನ, ಕೆ. ಚಂದ್ರಶೇಖರ ರಾವ್ ತಮ್ಮ ತೆಲಂಗಾಣ ರಾಷ್ಟ್ರ ಸಮಿತಿಗೆ ಭಾರತ ರಾಷ್ಟ್ರ ಸಮಿತಿ ಎಂದು ಮರುನಾಮಕರಣ ಮಾಡಿದರು. ಆ ಸಭೆಯಲ್ಲಿ ನಮ್ಮ ಎಚ್.ಡಿ. ಕುಮಾರಸ್ವಾಮಿಯವರೂ ಇದ್ದರು. ಡಿಸೆಂಬರಿನಲ್ಲಿ ಚುನಾವಣಾ ಆಯೋಗ ಹೆಸರು ಒಪ್ಪಿಕೊಂಡಿತು, ದೆಹಲಿಯಲ್ಲಿ ಕಚೇರಿ ತೆರೆಯಿತು. ‘ಅಬ್ ಕೀ ಬಾರ್ ಕಿಸಾನ್ ಸರ್ಕಾರ್’ ಎಂಬ ಘೋಷಣೆ ಹುಟ್ಟಿತು. 2023ರ ಜನವರಿ 18ರಂದು ಖಮ್ಮಂನಲ್ಲಿ ನಡೆದ ದೊಡ್ಡ ಸಭೆಗೆ ಕೇಜ್ರಿವಾಲ್, ಪಿಣರಾಯಿ ವಿಜಯನ್, ಅಖಿಲೇಶ್ ಯಾದವ್ ಬಂದರು. ಅವರೆಲ್ಲ ತಂತಮ್ಮ ಪಕ್ಷದ ನಾಯಕರಾಗಿ ಬಂದ ಅತಿಥಿಗಳು, ಹೊಸ ಪಕ್ಷಕ್ಕೆ ಸೇರಲು ಬಂದವರಲ್ಲ ಎಂಬುದನ್ನು ಅಂದಿನ ಸಂಭ್ರಮದಲ್ಲಿ ಹೆಚ್ಚು ಜನ ಗಮನಿಸಲಿಲ್ಲ.

ಪಕ್ಷ ನೋಂದಾಯಿಸುವುದು ಕಷ್ಟವಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ ನೋಂದಣಿಯಾದ ಪಕ್ಷಗಳು ದೇಶದಲ್ಲಿ ಸಾವಿರಗಟ್ಟಲೆ ಇವೆ. ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟಿನಲ್ಲಿ ಒಟ್ಟಿಗೆ ಪಟ್ಟಿಯಿಂದ ತೆಗೆದುಹಾಕಿತು. ‘ರಾಷ್ಟ್ರೀಯ’ ಎನ್ನಿಸಿಕೊಳ್ಳುವುದು ಬೇರೆಯೇ ಮಾತು. ಅದಕ್ಕಿರುವ ದಾರಿಗಳಲ್ಲಿ ಒಂದು, ಕನಿಷ್ಠ ನಾಲ್ಕು ರಾಜ್ಯಗಳಲ್ಲಿ ರಾಜ್ಯ ಪಕ್ಷದ ಮಾನ್ಯತೆ ಪಡೆಯುವುದು. ದೆಹಲಿ, ಪಂಜಾಬ್, ಗೋವಾ, ಗುಜರಾತ್ ಎಂದು ಒಂದೊಂದಾಗಿ ಗಳಿಸಿಕೊಂಡ ಆಮ್ ಆದ್ಮಿ ಪಕ್ಷಕ್ಕೆ 2023ರ ಏಪ್ರಿಲ್ 10ರಂದು ಆ ಮಾನ್ಯತೆ ಸಿಕ್ಕಿತು. ಅದೇ ದಿನ ಆಯೋಗ ಭಾರತ ರಾಷ್ಟ್ರ ಸಮಿತಿಗೆ ಆಂಧ್ರಪ್ರದೇಶದಲ್ಲಿದ್ದ ರಾಜ್ಯ ಪಕ್ಷದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಹೆಸರಿಗೆ ಭಾರತ ಬಂದು ಸೇರುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ಒಂದೇ ರಾಜ್ಯ!

ಇನ್ನು ಕಾರ್ಯಸೂಚಿ. ವೃತ್ತಿಯಿಂದ ಲೆಕ್ಕಪರಿಶೋಧಕನಾದ ನನಗೆ ಇದೇ ಹೆಚ್ಚು ಕುತೂಹಲದ ಭಾಗ. ಪಕ್ಷದ ಬಂಡವಾಳವೆಂದರೆ ರೈತಬಂಧು. 2018ರ ಮೇ ತಿಂಗಳಲ್ಲಿ ಎಕರೆಗೆ ಬೆಳೆಯೊಂದಕ್ಕೆ 4,000 ರೂಪಾಯಿಯಂತೆ ಶುರುವಾಗಿ ನಂತರ 5,000ಕ್ಕೆ ಏರಿತು. ವರ್ಷಕ್ಕೆ ಎರಡು ಬೆಳೆ, ಸುಮಾರು ಒಂದೂವರೆ ಕೋಟಿ ಎಕರೆ. ಹತ್ತಿರ ಹತ್ತಿರ 15,000 ಕೋಟಿ ರೂಪಾಯಿ. 2022-23ರಲ್ಲಿ ತೆಲಂಗಾಣದ ಬಜೆಟ್ 2.56 ಲಕ್ಷ ಕೋಟಿ, ಅಂದರೆ ನೂರಕ್ಕೆ ಆರು ರೂಪಾಯಿ. ಇದನ್ನೇ ದೇಶಕ್ಕೆ ಹರಡಿ ನೋಡಿ. ಬಿತ್ತನೆಯ ಭೂಮಿ ಸುಮಾರು 14 ಕೋಟಿ ಹೆಕ್ಟೇರ್, ಅಂದಾಜು 35 ಕೋಟಿ ಎಕರೆ. ವರ್ಷಕ್ಕೆ ಮೂರೂವರೆ ಲಕ್ಷ ಕೋಟಿ ಬೇಕು. ಆ ವರ್ಷದ ಕೇಂದ್ರ ಬಜೆಟ್ 39.45 ಲಕ್ಷ ಕೋಟಿ. ಅದರ ಮೇಲೆ ರೈತರಿಗೆ 24 ಗಂಟೆ ಉಚಿತ ವಿದ್ಯುತ್ತು. ಅದರ ಮೇಲೆ ಕುಟುಂಬಕ್ಕೆ 10 ಲಕ್ಷ ಕೊಡುವ ದಲಿತಬಂಧು. ಒಂದು ಲಕ್ಷ ಕುಟುಂಬ ಎಂದರೂ 10,000 ಕೋಟಿ.

ಇದೆಲ್ಲ ಅಸಾಧ್ಯ ಎನ್ನುತ್ತಿಲ್ಲ. ರಾಜಕೀಯ ಇಚ್ಛೆ ಇದ್ದರೆ ಬಜೆಟ್ಟಿನ ನೂರಕ್ಕೆ ಒಂಬತ್ತು ಭಾಗವನ್ನು ರೈತರಿಗೆ ಎತ್ತಿಡಬಹುದು. ಆದರೆ ಯಾವ ಬೊಕ್ಕಸದಿಂದ? ತೆಲಂಗಾಣದ ಹೊಲಗಳಿಗೆ ಹೋದ ಹಣದ ಬಹುಪಾಲನ್ನು ದುಡಿದುಕೊಟ್ಟದ್ದು ಹೈದರಾಬಾದ್. ರಾಜ್ಯಗಳೇ ಭರಿಸಬೇಕೆಂದರೆ ಬಿಹಾರಕ್ಕೆ, ಒಡಿಶಾಕ್ಕೆ ಹೈದರಾಬಾದ್ ಇಲ್ಲ. ಕೇಂದ್ರ ಭರಿಸಬೇಕೆಂದರೆ ಯಾವುದನ್ನು ಕಡಿಯಬೇಕು ಎಂದು ಹೇಳಬೇಕಿತ್ತು. ನಾನು ಕೇಳಿದ ಭಾಷಣಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹಾಗಿದ್ದರೂ ಆ ಯೋಜನೆಗೆ ಗಡಿಯಾಚೆ ಬೇಡಿಕೆ ಇದ್ದದ್ದು ನಿಜ. ನಾನು ರಾಯಚೂರು ಜಿಲ್ಲೆಯವನು. ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಆ ದಡದಲ್ಲಿ ಪಂಪ್‌ಸೆಟ್ಟಿಗೆ ಇಡೀ ದಿನ ಕರೆಂಟು, ಈ ದಡದಲ್ಲಿ ತ್ರೀಫೇಸ್ ಏಳು ಗಂಟೆ. ರಾಯಚೂರಿನ ಶಾಸಕರೊಬ್ಬರೇ, ಅದೂ ಬಿಜೆಪಿಯವರು, ನಮ್ಮ ಜಿಲ್ಲೆಯನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಎಂದು 2021ರಲ್ಲಿ ಬೇಸರದಿಂದ ಅಂದಿದ್ದರು. ಮಹಾರಾಷ್ಟ್ರದ ನಾಂದೇಡ್ ಗಡಿಯ ಹಳ್ಳಿಗಳಲ್ಲೂ ಅದೇ ಕೂಗು. ಚಂದ್ರಶೇಖರ ರಾವ್ ರಾಜ್ಯದಾಚೆಯ ಮೊದಲ ದೊಡ್ಡ ಸಭೆಯನ್ನು ನಾಂದೇಡಿನಲ್ಲೇ ಮಾಡಿದ್ದು ಇದನ್ನು ನೋಡಿಯೇ. ಆದರೆ ಗಡಿಯ ರೈತ ಕೇಳಿದ್ದು ರೈತಬಂಧುವನ್ನು, ಹೈದರಾಬಾದಿನ ಪಕ್ಷವನ್ನಲ್ಲ. ಆ ಎರಡನ್ನೂ ಒಂದೇ ಎಂದು ಎಣಿಸಿದಲ್ಲೇ ಲೆಕ್ಕ ತಪ್ಪಿತು.

ನೀರಿನ ಮಾತು ಬಂದಾಗ ಇದು ಇನ್ನೂ ಸ್ಪಷ್ಟ. ದೇಶದ ನದಿಗಳ ನೀರು ಸಮುದ್ರ ಸೇರುತ್ತಿದೆ, ಹೊಲಕ್ಕೆ ಹರಿಸುತ್ತೇವೆ ಎಂಬುದು ಹೊಸ ಪಕ್ಷದ ದೊಡ್ಡ ಮಾತು. ಸರಿ, ಆಲಮಟ್ಟಿ ಅಣೆಕಟ್ಟೆಯ ಎತ್ತರ 519 ಮೀಟರಿನಿಂದ 524ಕ್ಕೆ ಏರಬೇಕೋ ಬೇಡವೋ? ವಿಜಯಪುರ, ರಾಯಚೂರಿನಲ್ಲಿ ಓಟು ಕೇಳುವವರು ‘ಹೌದು’ ಎನ್ನಬೇಕು. ಮೆಹಬೂಬ್‌ನಗರದಲ್ಲಿ ಓಟು ಉಳಿಸಿಕೊಳ್ಳುವವರು ಹಾಗೆ ಅನ್ನಲಾರರು. ಕಾಂಗ್ರೆಸ್, ಬಿಜೆಪಿಗಳೂ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ ಬಿಡಿ. ಆದರೆ ಅವುಗಳಿಗೆ ಎರಡೂ ದಡದಲ್ಲಿ ಘಟಕಗಳಿವೆ, ಎರಡೂ ಕಡೆ ಎರಡು ಮಾತು ಆಡಿ ಜೀರ್ಣಿಸಿಕೊಳ್ಳುವ ಶಕ್ತಿಯಿದೆ. ರಾಷ್ಟ್ರೀಯ ಪಕ್ಷದ ಲಕ್ಷಣಗಳಲ್ಲಿ ಇದೂ ಒಂದೆಂದು ನನ್ನ ಅನುಮಾನ.

ಕರ್ನಾಟಕದ 2023ರ ಚುನಾವಣೆಯಲ್ಲಿ ಭಾರತ ರಾಷ್ಟ್ರ ಸಮಿತಿ ಸ್ಪರ್ಧಿಸಲೇ ಇಲ್ಲ. ಮಿತ್ರಪಕ್ಷ ಜೆಡಿಎಸ್ ಆ ಸೆಪ್ಟೆಂಬರಿನಲ್ಲಿ ಎನ್‌ಡಿಎ ಸೇರಿತು. ತೆಲಂಗಾಣದ ಪ್ರಚಾರದಲ್ಲಿ ಪಕ್ಷಕ್ಕೆ ಕರ್ನಾಟಕ ಬೇಕಾದದ್ದು ಹೆದರಿಸಲು ಮಾತ್ರ: ಕಾಂಗ್ರೆಸ್ ಬಂದರೆ ಕರ್ನಾಟಕದಂತೆ ಐದು ಗಂಟೆ ಕರೆಂಟು! ಅತ್ತ ಕಾಂಗ್ರೆಸ್ ಅದೇ ಕರ್ನಾಟಕದ ಐದು ಗ್ಯಾರಂಟಿಗಳನ್ನು ನೋಡಿ ಆರು ಗ್ಯಾರಂಟಿ ಬರೆದುಕೊಂಡು ಬಂತು. ಡಿಸೆಂಬರ್ 3ರ ಫಲಿತಾಂಶ ಕಾಂಗ್ರೆಸ್ 64, ಬಿಆರ್‌ಎಸ್ 39. ಮತಗಳ ಅಂತರ ಬರೀ ಎರಡು ಶೇಕಡಾ. ಮೇಡಿಗಡ್ಡ ಬ್ಯಾರೇಜಿನ ಕಂಬಗಳು ಕುಸಿದದ್ದು, ಹತ್ತು ವರ್ಷದ ಅಧಿಕಾರದ ದಣಿವು, ಕುಟುಂಬದ ಹಿಡಿತ, ಕಾರಣ ಹಲವು. ಆದರೆ ಹೈದರಾಬಾದ್ ಜಿಲ್ಲೆಯ 15 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಕಿಸಾನ್ ಸರ್ಕಾರ್ ಎಂದವರು ಸೋತದ್ದು ಹಳ್ಳಿಗಳಲ್ಲಿ. 2024ರ ಲೋಕಸಭೆಯಲ್ಲಿ 17ರಲ್ಲಿ ಸೊನ್ನೆ. ಹಳೆಯ ಹೆಸರಿಗೆ ಮರಳೋಣ ಎಂಬ ಮಾತು ಪಕ್ಷದೊಳಗೇ ಕೇಳಿಬಂತು.

ಯೋಜನೆಯ ಕಥೆ ಮಾತ್ರ ಬೇರೆ. 2018ರ ಕೊನೆಯಲ್ಲಿ ಒಡಿಶಾ ‘ಕಾಲಿಯಾ’ ಘೋಷಿಸಿತು, 2019ರ ಫೆಬ್ರುವರಿಯಲ್ಲಿ ಕೇಂದ್ರ ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ತಂದಿತು. ರೈತನ ಖಾತೆಗೆ ನೇರ ಹಣ ಎಂಬ ಉಪಾಯ ದೇಶವನ್ನೆಲ್ಲ ಸುತ್ತಿಬಂದದ್ದು ಪಕ್ಷದ ಹೆಸರು ಬದಲಾಗುವ ಮೂರು ವರ್ಷ ಮೊದಲೇ, ಬೇರೆ ಪಕ್ಷಗಳ ಹೆಗಲ ಮೇಲೆ.

ರೈತಬಂಧುವಿನಲ್ಲಿ ಒಂದು ದೊಡ್ಡ ತೂತಿತ್ತು. ಹಣ ಹೋಗುತ್ತಿದ್ದುದು ಪಟ್ಟಾದಾರನಿಗೆ; ಗೇಣಿಗೆ ಉಳುವವನಿಗೆ ಏನೂ ಇಲ್ಲ. ಒಡಿಶಾ ಅದನ್ನು ಗಮನಿಸಿ ಗೇಣಿದಾರರನ್ನೂ ಭೂರಹಿತರನ್ನೂ ಸೇರಿಸಿಕೊಂಡಿತು, ಪಿಎಂ ಕಿಸಾನ್ ಸೇರಿಸಿಕೊಳ್ಳಲಿಲ್ಲ. ತೆಲಂಗಾಣದ ಕಾಂಗ್ರೆಸ್ ಗೇಣಿದಾರರಿಗೂ ಎಕರೆಗೆ 15,000 ಎಂದು ಮಾತು ಕೊಟ್ಟಿತ್ತು. 2025ರ ಜನವರಿಯಲ್ಲಿ ರೈತಭರೋಸಾ ಶುರುವಾದಾಗ ಅದು 12,000 ಆಗಿ, ಮತ್ತೆ ಪಟ್ಟಾದಾರನ ಖಾತೆಗೇ ಹೋಯಿತು. ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಗೇಣಿಗೆ ದುಡಿಯುವವರನ್ನು ಬಲ್ಲ ನನಗೆ, ಮುಂದೆ ಹುಟ್ಟುವ ಯಾವುದೇ ‘ರೈತರ ಪಕ್ಷ’ದ ಪ್ರಣಾಳಿಕೆಯಲ್ಲಿ ಮೊದಲು ಹುಡುಕಬೇಕೆನಿಸುವುದು ಆ ಒಂದು ಸಾಲನ್ನು.