ಡೇರೆಯ ನೆಲ

ಆಸ್ಟ್ರೇಲಿಯದಲ್ಲಿ ನೆಲೆಸಿರುವ ನಮ್ಮ ಬಂಧುಗಳು ಕ್ವೀನ್ಸ್‌ಲ್ಯಾಂಡಿನ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೊರಟರೆ, ಕೇಪ್ ಟ್ರಿಬ್ಯುಲೇಷನ್ ಸುತ್ತ ಖಾಸಗಿಯವರ ಡೇರೆತಾಣಗಳುಂಟು. ಕಡಲು ಕಾಣುವ ಜಾಗಕ್ಕೆ ಮನಸ್ಸು ಸೋಲುವುದು ಸಹಜ. ಆದರೆ ಅಲ್ಲಿ ಉಪ್ಪುನೀರಿನ ಮೊಸಳೆ ಹೊಳೆಯಲ್ಲಿಯೂ ಕಡಲಿನಲ್ಲಿಯೂ ಇದೆ. ಡೇರೆಯು ನೀರಂಚಿನಿಂದ ಕನಿಷ್ಠ 50 ಮೀಟರ್ ದೂರದಲ್ಲಿಯೂ, ಉಬ್ಬರದ ಮಟ್ಟಕ್ಕಿಂತ ಕನಿಷ್ಠ 2 ಮೀಟರ್ ಎತ್ತರದಲ್ಲಿಯೂ ಇರಬೇಕೆಂಬುದು ಅಲ್ಲಿನ ಸರ್ಕಾರದ ಸೂಚನೆ. ಮುಂಗಡ ಕೊಡುವ ಮುನ್ನ ನೋಟವನ್ನು ಬದಿಗಿಟ್ಟು ಈ ಎರಡು ಅಳತೆಗಳನ್ನೇ ವಿಚಾರಿಸಿರಿ. ಎಂಜಲನ್ನು ಎಲ್ಲಿ ಹಾಕಿಸುವರೆಂದೂ ಕೇಳಿರಿ. ತಿನಿಸು ಸಿಕ್ಕಿದ ಎಡೆಗೆ ಮೊಸಳೆ ಮತ್ತೆ ಬರುತ್ತದೆ. ಕ್ಯಾಸೊವರಿ ಹಕ್ಕಿಗೆ ಹಣ್ಣು ನೀಡುವುದೂ ಅಲ್ಲಿ ನಿಷಿದ್ಧ. (ನಮ್ಮವರಿಗೆ ಇದು ತುಸು ಕಷ್ಟವೇ.) ಮಕ್ಕಳ ದೊಡ್ಡ ರಜೆ ಬರುವುದು ಡಿಸೆಂಬರಿನಲ್ಲಿ, ಮಳೆಗಾಲ ತೊಡಗುವುದೂ ಆಗಲೇ. 2023ರ ಡಿಸೆಂಬರಿನ ಪ್ರವಾಹದಲ್ಲಿ ಆ ರಸ್ತೆಯೇ ಕುಸಿದಿತ್ತು. ದಾರಿ ಮುಚ್ಚಿದರೆ ಮುಂಗಡ ಮರಳಿಸುವ ಮಾತು ಬರಹದಲ್ಲಿರಲಿ.